ಒಂಬತ್ತನೆಯ ಕುಳಿ

೨೦೦೪ನೇ ಇಸವಿ ಆಗಸ್ಟ್ ೩೧, ಮಂಗಳವಾರ. ಕೂಡ್ಲಿಗಿಯ ಹೊರಗೆ ಗಣಿ ಮಾಲೀಕ ಶಿವಯೋಗಪ್ಪನವರು ಮಾಡಿಸಿದ್ದ ಗಾಲ್ಫ್ ಮೈದಾನದಲ್ಲಿ ಚೆಂಡು ಬೀಳುವ ಕುಳಿಗಳು ಒಂಬತ್ತು. ರಾತ್ರಿಯ ಮಳೆಗೆ ಒಂಬತ್ತೂ ಮುಳುಗಿದ್ದವು. ಕುಳಿಗೊಂದರಂತೆ ನೆಟ್ಟ ಬಾವುಟಗಳು ಜಳಕಕ್ಕೆ ಇಳಿದವರ ಹಾಗೆ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವು.

ಕಾವಲುಗಾರ ಹುಲುಗಣ್ಣನಿಗೆ ಮಾಲೀಕರ ಕಟ್ಟಪ್ಪಣೆ ಮೊದಲಿನಿಂದಲೂ ಒಂದೇ: ಅತಿಥಿಗಳು ಬಂದಾಗ ಹುಲ್ಲಿನ ಮೇಲೆ ನೀರಿದ್ದರೆ ಅವನ ಕೆಲಸ ಹೋಯಿತು. ಬೆಳಿಗ್ಗೆ ಎಂಟಕ್ಕೆ ಫೋನು ಬಂತು. "ನಾಲ್ಕಕ್ಕ ಬರ್ತೀವಿ. ಸಾಹೇಬ್ರು ಜೊತಿಗಿರ್ತಾರ" ಎಂದಷ್ಟೇ ಹೇಳಿ ಮಾಲೀಕರು ಇಟ್ಟುಬಿಟ್ಟರು.

ಹುಲುಗಣ್ಣ ಗುದ್ದಲಿ ಹಿಡಿದು ಕೆಳಗಿನ ಬದು ಕಡಿಯತೊಡಗಿದ. ಈ ಸೀಮೆಯಲ್ಲಿ ಬದು ಕಡಿಯುವ ಸದ್ದಿಗೆ ಜ್ವರದಲ್ಲಿ ಮಲಗಿದವರೂ ಎದ್ದು ಬರುತ್ತಾರೆ. ಎಡಗಡೆಯ ಹೊಲದ ಜಂಬಮ್ಮ, ಬಲಗಡೆಯ ಹೊಲದ ವೀರಭದ್ರಯ್ಯ, ಇಬ್ಬರೂ ಸಲಿಕೆ ಸಮೇತ ಹಾಜರಾದರು.

"ಲೇ ಹುಲುಗಾ, ಇಷ್ಟು ನೀರು ಹಳ್ಳಕ್ಕ ಬಿಡ್ತೀಯೇನು? ನನ್ನ ಹೊಂಡ ಇನ್ನಾ ಅರ್ಧಾ ತುಂಬಿಲ್ಲ" ಎಂದಳು ಜಂಬಮ್ಮ.

"ನಮ್ಮ ಹೊಂಡ ಏನು ಪಾಪ ಮಾಡೈತಿ?" ಎಂದರು ವೀರಭದ್ರಯ್ಯ.

"ಯಾರಿಗರ ಹೋಗ್ಲಿ. ನಾಲ್ಕರೊಳಗ ಹೋದ್ರ ಸಾಕು."

ಅದೇ ಅವನ ತಪ್ಪು. ಇಬ್ಬರೂ ಕುಳಿ ಎಣಿಸಿ, ಸುತ್ತ ನಿಂತ ನೀರನ್ನು ಕುಳಿಯ ಲೆಕ್ಕದಲ್ಲಿ ಪಾಲು ಮಾಡಿದರು. ಒಂಬತ್ತನ್ನು ಎರಡರಿಂದ ಭಾಗಿಸಿದರೆ ಒಂದು ಶೇಷ ಉಳಿಯುತ್ತದೆ. ಜಗಳ ಹುಟ್ಟಲು ಒಂದು ಶೇಷ ಸಾಕು.

"ಮೊದಲು ಬಂದಾಕಿ ನಾನು. ಒಂಬತ್ತನೇದು ನಂದು."

"ಹಂಗಾರ ಅದನ್ನ ಯಾರೂ ಮುಟ್ಟಂಗಿಲ್ಲ ತಗ."

ಎಂಟು ಕುಳಿಗಳ ನೀರು ಎರಡು ಕಾಲುವೆಗಳಲ್ಲಿ ಎರಡು ಹೊಂಡಗಳಿಗೆ ಹರಿಯಿತು. ತಗ್ಗಿನಲ್ಲಿದ್ದ ಒಂಬತ್ತನೆಯದರ ನೀರನ್ನು ಹುಲುಗಣ್ಣನೇ ಕೊಡಪಾನದಲ್ಲಿ ಎತ್ತಿ ಎತ್ತಿ ಹಳ್ಳಕ್ಕೆ ಚೆಲ್ಲಿದ. ಅಂಗಿ ಹರಿಯಿತು, ನಡು ಹಿಡಿಯಿತು. ಕೊನೆಯ ಕೊಡವನ್ನು ಕಾಲು ತೊಳೆಯಲು ಇಟ್ಟುಕೊಂಡ. ಗಂಟೆ ಮೂರೂ ಮುಕ್ಕಾಲು. ಮೈದಾನ ಒರೆಸಿದ ತಟ್ಟೆಯಂತಿತ್ತು.

ಜೀಪಿನಿಂದ ಇಳಿದ ಶಿವಯೋಗಪ್ಪನವರ ಮುಖ ಇಳಿಯಿತು.

"ನೀರೆಲ್ಲಿ ಹೋತಲೇ?"

"ತಗದೀನ್ರಿ ಧಣಿ. ಒಂದು ಹನಿ ಬಿಟ್ಟಿಲ್ಲ."

ಸರ್ಕಾರದ ಕಾಗದದಲ್ಲಿ ಆ ಜಾಗ ಮೈದಾನವಾಗಿರಲಿಲ್ಲ. ಶಿವಯೋಗಪ್ಪನವರು ಗುತ್ತಿಗೆ ಹಿಡಿದು ತೋಡಿಸಿದ ಕೆರೆಯಾಗಿತ್ತು. ಮೂರು ವರ್ಷಕ್ಕೆ ಮೊದಲ ಸಲ ಅದು ಕೆರೆಯಂತೆ ಕಂಡದ್ದರಿಂದಲೇ ಅವರು ತಪಾಸಣೆಯ ಸಾಹೇಬರನ್ನು ಕರೆತಂದಿದ್ದರು. ಬಾವುಟಗಳು ಆಳ ಅಳೆಯುವ ಗುರುತುಗಳೆಂದು ದಾರಿಯಲ್ಲೇ ಹೇಳಿಯೂ ಆಗಿತ್ತು.

ಸಾಹೇಬರು ಸುತ್ತ ನೋಡಿ ಪುಸ್ತಕದಲ್ಲಿ ಬರೆದುಕೊಂಡರು: ಕೆರೆಯಲ್ಲಿರುವ ನೀರು, ಒಂದು ಕೊಡ.

"ಅವರು ಚಾ ಕುಡಿಯೋದ್ರಾಗ ನೀರು ತಿರುಗಿ ತಾ. ಇಲ್ಲಂದ್ರ ನಾಳಿಂದ ಬರಬ್ಯಾಡ" ಎಂದರು ಶಿವಯೋಗಪ್ಪ.

ಹುಲುಗಣ್ಣ ಕೊಡ ಹಿಡಿದು ಓಡಿದ. "ಯವ್ವಾ, ನಿನ್ನ ನಾಲ್ಕು ಕುಳಿ ನೀರು ತಿರುಗಿ ಕೊಡವ್ವ."

ತುಂಬಿದ ಹೊಂಡದ ದಂಡೆಯಲ್ಲಿ ಕುಳಿತಿದ್ದ ಜಂಬಮ್ಮ ಏಳಲಿಲ್ಲ. "ಕೊಡ್ತೀನಿ. ಮೊದಲು ಒಂಬತ್ತನೇ ಕುಳಿಯಾಗಿನ ನನ್ನ ಅರ್ಧಾ ಪಾಲು ತಂದಿಡು."

"ಉಳದರ್ಧ ನಂದು" ಎಂದರು ಆಚೆ ಹೊಲದಿಂದ ವೀರಭದ್ರಯ್ಯ.