ನೂರಕ್ಕೆ ಒಂಬತ್ತು

ನುಕಾತಾ ಶೂಹೆಯ್ ಕೊಟ್ಟ ಒಂಬತ್ತು ಅಂಕವೇ ಎಲ್ಲ ರಾದ್ಧಾಂತಕ್ಕೂ ಮೂಲ.

ಟೋಕಿಯೋದ ಒಂದು ಸಂಗೀತ ಪತ್ರಿಕೆಯಲ್ಲಿ ಹೊಸ ಆಲ್ಬಂಗಳನ್ನು ಕೇಳಿ, ನಾಲ್ಕು ಮಾತು ಬರೆದು, ನೂರಕ್ಕೆ ಇಷ್ಟು ಎಂದು ಅಂಕ ಹಾಕುವುದು ಅವನ ಕೆಲಸ. ಹಾಗಂತ ಅವನು ಜಿಪುಣನೇನಲ್ಲ. ಆ ತಿಂಗಳೇ ಒಂದು ಆಲ್ಟರ್ನೇಟಿವ್ ರಾಕ್ ತಂಡಕ್ಕೆ ಎಂಬತ್ತೆರಡು ಕೊಟ್ಟಿದ್ದ. ಒಬ್ಬಳೇ ಕೂತು ಎಲೆಕ್ಟ್ರಾನಿಕ್ ಸಂಗೀತ ಮಾಡಿದ ಹುಡುಗಿಯೊಬ್ಬಳಿಗೆ, ಅರ್ಧ ಆಲ್ಬಂ ಹಳೇ ಫ್ರಿಜ್ಜಿನಂತೆ ಗುಂಯ್‌ಗುಟ್ಟಿದರೂ, ಉಳಿದರ್ಧದ ಮೇಲಿನ ಪ್ರೀತಿಗೆ ಎಪ್ಪತ್ತಾರು ಕೊಟ್ಟಿದ್ದ. ‘ಗೋಕುಮೊನ್’ ಎಂಬ ಮೆಟಲ್ ತಂಡದ ಚೊಚ್ಚಲ ಆಲ್ಬಮ್ಮಿಗೆ ಮಾತ್ರ, ಮೂರು ಸಲ ಕೇಳಿದರೂ, ಒಂಬತ್ತರ ಮೇಲೆ ಕೈ ಏಳಲಿಲ್ಲ. ‘ಡ್ರಮ್ ಬಾರಿಸುವವರು ಪಾತ್ರೆಗಳ ಬುಟ್ಟಿ ಹೊತ್ತು ಮಹಡಿ ಮೆಟ್ಟಿಲಿನಿಂದ ಜಾರಿದ್ದಾರೆ, ಕೊನೆಯ ಹಾಡು ಮುಗಿದರೂ ಇನ್ನೂ ನೆಲ ಮುಟ್ಟಿಲ್ಲ’ ಎಂದು ಬರೆದು, ಕೆಳಗೆ ಹೆಸರಿನ ಮೊದಲಕ್ಷರ ‘ನು’ ಎಂದಷ್ಟೇ ಹಾಕಿ ಮರೆತುಬಿಟ್ಟಿದ್ದ.

ಪತ್ರಿಕೆ ಅಂಗಡಿಗೆ ಬಂದ ದಿನವೇ ಅವನು ಹೊಸ ಸೂಟು ತೊಟ್ಟು, ಸಿಹಿಯ ಪೊಟ್ಟಣ ಹಿಡಿದು, ತಾನು ಪ್ರೀತಿಸಿದ ಚಿನಾಮಿಯ ಮನೆಗೆ ಹೆಣ್ಣು ಕೇಳಲು ಹೊರಟಿದ್ದ. ಅವಳಪ್ಪ ಕುರೆಬಯಾಶಿಯವರನ್ನು ಇನ್ನೂ ನೋಡಿರಲಿಲ್ಲ. ಅಪ್ಪ ಹೂಂ ಅನ್ನದೆ ಮದುವೆ ಇಲ್ಲ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ರೈಲು ಇಳಿಯುವಷ್ಟರಲ್ಲಿ ಅವಳ ಫೋನು ಬಂತು.

“ಶೂಹೆಯ್, ಖುಷಿ ಸುದ್ದಿ! ಅಪ್ಪನ ಬ್ಯಾಂಡಿನ ಆಲ್ಬಂ ಬಂದಿದೆಯಂತೆ. ನಿಮ್ಮ ಪತ್ರಿಕೇಲಿ ಅದರ ಬಗ್ಗೆ ಬರ್ದಿದಾರಂತೆ.”

“ನಿಮ್ಮಪ್ಪ ತೋಫು ಅಂಗಡಿ ಇಟ್ಟಿದಾರೆ ಅಂದಿದ್ಯಲ್ಲ?”

“ಭಾನುವಾರ ಏನೋ ಬಡೀತಾರೆ ಅಂತಾನೂ ಹೇಳಿದ್ದೆ. ನೀನು ಕೇಳಿಸ್ಕೊಂಡ್ರೆ ತಾನೆ?”

“ಏನ್ ಬಡೀತಾರೆ?”

“ಡ್ರಮ್ಮು. ಮುಖಕ್ಕೆಲ್ಲ ಬಿಳಿ ಬಣ್ಣ ಬಳ್ಕೊಂಡು. ಗೋಕುಮೊನ್ ಅಂತ ಹೆಸರು. ಅಂಗಡಿ ಮುಚ್ಚಿ ಪತ್ರಿಕೆ ತರ್ತಾರಂತೆ. ನೀನು ಅಲ್ಲೇ ಕೆಲಸ ಮಾಡೋದು ಅಂತ ನಾನಿನ್ನೂ ಹೇಳಿಲ್ಲ. ನೀನೇ ಹೇಳು, ಕುಣಿದಾಡ್ತಾರೆ.”

ಶೂಹೆಯ್ ಫೋನು ಜೇಬಿಗೆ ತುರುಕಿದ. ಒಂದೇ ಉಸಿರಿಗೆ ಅವಳ ಬೀದಿಗೆ ಓಡಿದ. ಉದ್ದಕ್ಕೂ ಅಂಗಡಿಗಳಿರುವ ಆ ಬೀದಿಯಲ್ಲಿ ಪುಸ್ತಕದಂಗಡಿ ಅಂತ ಇರುವುದು ಇಶಿವಾತಾ ಅಜ್ಜಿಯದೊಂದೇ. ಅಲ್ಲಿದ್ದ ಐದು ಪ್ರತಿಗಳನ್ನೂ ಬಾಚಿ ಮೇಜಿನ ಮೇಲಿಟ್ಟ.

“ಐದೂ ನಿಮಗೇನಾ?” ಅಜ್ಜಿ ಕನ್ನಡಕ ಏರಿಸಿದಳು.

“ಸ್ನೇಹಿತರಿಗೆ ಅಜ್ಜಿ.”

“ಅಂಥದ್ದೇನಿದೆಯಪ್ಪ ಇದ್ರಲ್ಲಿ?” ಅಜ್ಜಿ ಪುಟ ತಿರುವಿದಳು. “ಓ, ಇದು ನಮ್ಮ ತೋಫು ಕುರೆಬಯಾಶಿ ಬ್ಯಾಂಡಿನ ಫೋಟೋ ಅಲ್ವಾ! ನೀವು ಅವರ ಅಭಿಮಾನೀನಾ?”

ಬೇರೆ ದಾರಿ ಕಾಣದೆ ಅವನು ಹೌದೆಂದ. ಪ್ರತಿಗಳನ್ನು ಸಿಹಿಯ ಚೀಲದೊಳಗೆ ತುರುಕಿಕೊಂಡು, ಎದುರಿನ ಕಾಫಿ ಅಂಗಡಿಯಲ್ಲಿ ಕೂತು ಬೆವರು ಒರೆಸಿಕೊಂಡ. ಗಂಡಾಂತರ ಕಳೆಯಿತು ಎಂದುಕೊಂಡ, ಪಾಪ.

ಕಾಫಿ ಆರುವುದರೊಳಗೆ ಸೈಕಲ್ಲೊಂದು ಬಂದು ಅಜ್ಜಿಯ ಅಂಗಡಿಯ ಮುಂದೆ ಪತ್ರಿಕೆಗಳ ದೊಡ್ಡ ಕಟ್ಟನ್ನು ಇಳಿಸಿತು. ಸ್ಟೇಷನ್ ಹತ್ತಿರದ ತನ್ನ ತಂಗಿಯ ಅಂಗಡಿಯಿಂದ ಅಜ್ಜಿಯೇ ತರಿಸಿದ್ದಳು. ಬಣ್ಣದ ಪೆನ್ನಿನಲ್ಲಿ ದಪ್ಪಗೆ ಬರೆದ ಚೀಟಿಯೂ ಮೇಲೆ ನಿಂತಿತು: ‘ಬೆಳಿಗ್ಗೆಯೇ ಖಾಲಿಯಾಗಿತ್ತು! ಅಭಿಮಾನಿಗಳು ಮುಗಿಬಿದ್ದಿದ್ದಾರೆ! ನಮ್ಮ ಬೀದಿಯ ಹೆಮ್ಮೆ, ಪುಟ ಎಂಬತ್ನಾಲ್ಕು!’

ಶೂಹೆಯ್ ಮತ್ತೆ ಓಡಿದ. “ಅಜ್ಜಿ, ಅಷ್ಟನ್ನೂ ಕೊಟ್ಬಿಡಿ.”

“ಆಗಲ್ಲಪ್ಪ. ಬೇರೆಯವರಿಗೂ ಬೇಡ್ವಾ? ಒಬ್ರಿಗೆ ಒಂದೇ. ಈಗ ತಾನೇ ಬೀದಿ ಅಂಗಡಿ ಸಂಘದೋರಿಗೂ ಫೋನ್ ಮಾಡ್ದೆ.”

ಅವಳ ಮಾತು ಮುಗಿಯುವ ಮೊದಲೇ ಬೀದಿಯ ಕಂಬಗಳಲ್ಲಿದ್ದ ಧ್ವನಿವರ್ಧಕಗಳು ಕೆಮ್ಮಿದವು. ಮೂಲಂಗಿಯ ದರ, ಕಳೆದುಹೋದ ಕೊಡೆಗಳ ಸುದ್ದಿ ಹೇಳುವ ಅದೇ ಹೆಣ್ಣು ದನಿ, ಅಷ್ಟೇ ಮಧುರವಾಗಿ, ಕುರೆಬಯಾಶಿಯವರ ಬ್ಯಾಂಡಿನ ಬಗ್ಗೆ ಪತ್ರಿಕೆಯಲ್ಲಿ ಬಂದಿರುವುದನ್ನೂ ಪುಟದ ಸಂಖ್ಯೆಯನ್ನೂ ಬೀದಿಗೆಲ್ಲ ಸಾರಿತು. ಜನ ಸಾಲುಗಟ್ಟಿದರು. ಮೊದಲ ಪ್ರತಿ ಕೊಂಡ ಮೀನಿನಂಗಡಿಯವನು ರಬ್ಬರ್ ಬೂಟಿನಲ್ಲೇ ನಡುಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದತೊಡಗಿದ.

“ಪಾತ್ರೆಗಳ ಬುಟ್ಟಿ ಹೊತ್ತು... ಮೆಟ್ಟಿಲಿನಿಂದ... ಅಯ್ಯೋ ದೇವ್ರೇ! ನೂರಕ್ಕೆ ಒಂಬತ್ತು! ಯಾರೋ ಇದನ್ನ ಬರ್ದೋನು? ಕೈಗೆ ಸಿಗ್ಲಿ ಅವ್ನು!”

ಶೂಹೆಯ್ ಮೆಲ್ಲನೆ ಸ್ಟೇಷನ್ನಿನ ಕಡೆ ಜಾರಿದ. ಅಷ್ಟರಲ್ಲಿ ಚಿನಾಮಿ ಬಂದು ತೋಳು ಹಿಡಿದಳು. “ಎಲ್ಲಿಗೆ ಹೊರಟೆ? ಮನೆ ಈ ಕಡೆ. ಅಪ್ಪ ಕಾಯ್ತಿದಾರೆ.”

ಕುರೆಬಯಾಶಿಯವರು ಗಿಡ್ಡ ಮೇಜಿನ ಹಿಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮುಂದೆ ಪತ್ರಿಕೆ ತೆರೆದಿತ್ತು, ಎಂಬತ್ನಾಲ್ಕನೇ ಪುಟ. ಶೂಹೆಯ್ ಮಂಡಿಯೂರಿ, ಎರಡೂ ಕೈಯಲ್ಲಿ ಚೀಲ ಮುಂದಿಟ್ಟ. ಭಾರಕ್ಕೆ ಅದು ಹರಿದುಹೋಯಿತು. ಸಿಹಿಯ ಪೊಟ್ಟಣದ ಜೊತೆಗೆ ಐದು ಪತ್ರಿಕೆಗಳೂ ಚಾಪೆಯ ಮೇಲೆ ಹರಡಿಕೊಂಡವು.

“ಪುಸ್ತಕದಂಗಡಿ ಅಜ್ಜಿ ಹೇಳಿದ್ರು, ಐದೂ ಕೊಂಡ ಅಭಿಮಾನಿ ನೀನೇನಾ?” ಅವರು ಕೇಳಿದರು.

ಇನ್ನು ಬಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವನು ಹಣೆಯನ್ನು ಚಾಪೆಗೆ ಹಚ್ಚಿದ. “ಕ್ಷಮಿಸ್ಬೇಕು. ಅಭಿಮಾನಿ ಅಲ್ಲ. ಬರೆದೋನೇ ನಾನು. ಆ ಒಂಬತ್ತು ನಂದೇ.”

ಚಿನಾಮಿ ಬಾಯಿಗೆ ಕೈ ಅಡ್ಡ ಹಿಡಿದಳು. ಕುರೆಬಯಾಶಿಯವರ ಮುಖ ಕೆಂಪಾಯಿತು, ಭುಜ ಅಲುಗಿತು, ಆಮೇಲೆ ಮನೆಯೇ ಅದುರುವಂತೆ ಅವರು ನಕ್ಕರು.

“ಏಳಪ್ಪ, ಏಳು! ನಿಮ್ಮ ಪತ್ರಿಕೇಲಿ ಇಲ್ಲೀತನಕ ಹನ್ನೊಂದಕ್ಕಿಂತ ಕಮ್ಮಿ ಯಾರಿಗೂ ಬಂದಿಲ್ಲ, ಗೊತ್ತಾ? ಹನ್ನೊಂದು ತಗೊಂಡೋರ ಹೆಸರು ಇವತ್ತಿಗೂ ಮೆಟಲ್ ಕೇಳೋರ ಬಾಯಲ್ಲಿದೆ. ಐವತ್ತು ತಗೊಂಡ ಒಂದು ಬ್ಯಾಂಡಿನ ಹೆಸರು ಹೇಳು ನೋಡೋಣ?”

ವರ್ಷಗಟ್ಟಲೆ ಐವತ್ತುಗಳನ್ನು ಹಂಚಿದ್ದ ಶೂಹೆಯ್‌ಗೆ ಒಂದೂ ನೆನಪಾಗಲಿಲ್ಲ.

“ನೋಡಿದ್ಯಾ! ಆಗ್ಲಿಂದ ಫೋನ್ ಮೇಲೆ ಫೋನು. ಶಿಂಜುಕು ಅಂಗಡಿಯೋರು ಇರೋ ಬರೋ ಸಿಡಿ ಎಲ್ಲಾ ಕಳ್ಸಿ ಅಂದ್ರು. ನೀನು ನಮ್ಮ ಪಾಲಿನ ದೇವ್ರು ಕಣಪ್ಪ! ಮಗಳನ್ನ ಕೊಟ್ಟೆ ಅಂತ ತಿಳ್ಕೋ. ಚಿನಾಮಿ, ಸಾಕೆ ಬಾಟ್ಲಿ ತಗೊಂಡ್ ಬಾ.”

ಶೂಹೆಯ್‌ಗೆ ಹೋದ ಜೀವ ಬಂದಂತಾಯಿತು. ಎರಡು ಬಟ್ಟಲು ಸಾಕೆ ಒಳಗಿಳಿದ ಮೇಲೆ ಮಾತೂ ಬಂತು. ಭಾವೀ ಮಾವನ ಮನಸ್ಸು ಇನ್ನಷ್ಟು ಹಗುರ ಮಾಡೋಣ ಎನ್ನಿಸಿತು ಅವನಿಗೆ.

“ಇನ್ಮೇಲೆ ನೀವು ಹೆದರ್ಬೇಕಾಗಿಲ್ಲ. ನೆಂಟರ ಆಲ್ಬಮ್ಮಿಗೆ ನಾವು ಅಂಕ ಹಾಕೋ ಹಾಗಿಲ್ಲ, ಪತ್ರಿಕೆ ನಿಯಮ. ನಿಮ್ಮ ಮುಂದಿನ ಆಲ್ಬಂ ಬೇರೆಯೋರು ಬರೀತಾರೆ.”

ಕುರೆಬಯಾಶಿಯವರ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು. “ಬೇರೆಯೋರು ಎಷ್ಟು ಹಾಕ್ತಾರೆ?”

“ತುಂಬಾ ಒಳ್ಳೇ ಮನುಷ್ಯ ಅವ್ರು. ಕಣ್ಣು ಮುಚ್ಕೊಂಡು ಐವತ್ತು.”

“ಐವತ್ತಾ?” ಬಟ್ಟಲು ಮೇಜಿನ ಮೇಲೆ ಠಪ್ಪೆಂದಿತು. “ಚಿನಾಮಿ, ಈ ಮದ್ವೆ ಈಗ ಬೇಡ. ಮುಂದಿನ ಆಲ್ಬಮ್ಮಿಗೂ ಇವ್ನೇ ಅಂಕ ಹಾಕ್ಲಿ. ಆಮೇಲೆ ಮದ್ವೆ.”

“ಅಪ್ಪಾ! ಅದು ಬರೋದ್ ಯಾವಾಗ?”

“ಒಂದೂವರೆ ಹಾಡು ಆಗ್ಲೇ ಆಗಿದೆ.” ಕುರೆಬಯಾಶಿಯವರು ಶೂಹೆಯ್‌ನ ಭುಜವನ್ನು ಪ್ರೀತಿಯಿಂದ ತಟ್ಟಿದರು. “ಮೊದಲ್ನೇದಕ್ಕೆ ಇಪ್ಪತ್ತೇಳು ವರ್ಷ ಹಿಡೀತು. ಈ ಸಲ ಅಷ್ಟೆಲ್ಲಾ ಆಗಲ್ಲ, ಬಿಡಪ್ಪ.”