ದಿವಾನಿನ ಕೆಳಗಿನ ಪುಟ್ಟಿ ಮತ್ತು ನನ್ನ ಗಂಟಲು

ನಾನು ಯಾವ ಕೆಲಸವನ್ನ ಗಂಭೀರವಾಗಿ ಮಾಡಬೇಕು ಅಂತ ಹೊರಟರೂ ಅದು ನಗೆಪಾಟಲಾಗಿಯೇ ಮನೆಗೆ ವಾಪಸ್ ಬರುತ್ತೆ. ನಾಯಿ ತಂದಿದ್ದೂ ಹಾಗೇ ಆಯ್ತು. ಮೊದಲೇ ಹೇಳಿಬಿಡ್ತೀನಿ, ನಾನು ಬನಶಂಕರಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷದಿಂದ ಗಣಿತ ಹೇಳಿಕೊಡ್ತಿರೋ ಮೇಡಂ. ನಾನು ಕೆಳಗಿನ ಮಹಡಿಯಲ್ಲಿ "ಸೈಲೆನ್ಸ್" ಅಂದ್ರೆ ಮೂರನೇ ಮಹಡಿಯ ಮಕ್ಕಳು ಕೂತ್ಕೊಳ್ತಾರೆ. ಸ್ಕೂಲ್ ಡೇ ದಿನ ಮೈಕ್ ಕೆಟ್ಟರೆ ನನ್ನನ್ನೇ ಕರೀತಾರೆ. ಇಂಥ ಗಂಟಲಿರೋಳ ಕೈಗೆ ಸಿಕ್ಕಿದ್ದು ಎಂಥ ನಾಯಿ ಅಂತ ಕೇಳಿ.

ಮೂಲೆಯಲ್ಲಿದ್ದದ್ದು

ಬೊಮ್ಮನಹಳ್ಳಿ ದಾಟಿ ಒಂದು ಕಡೆ ಬೀದಿನಾಯಿಗಳನ್ನ ಇಟ್ಟುಕೊಂಡು ಸಾಕೋ ಜಾಗ ಇದೆ. ನಾನೂ ನಮ್ಮನೆಯವರೂ ಒಂದು ಭಾನುವಾರ ಹೋದ್ವಿ. ಬಾಗಿಲು ತೆಗೆದದ್ದೇ ತಡ, ಇಪ್ಪತ್ತು ನಾಯಿ ಬಂದು ನಮ್ಮ ಮೈಮೇಲೆ ಬಿದ್ದವು. ಒಂದೇ ಒಂದು ಮಾತ್ರ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿತ್ತು. ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡಿತ್ತು. ಯಾರೋ ಚೆನ್ನಾಗಿ ಹೊಡೆದಿದ್ರಂತೆ. ಇಲ್ಲಿಗೆ ಬಂದು ಎರಡು ವರ್ಷ ಆದ್ರೂ ಅದು ಬಾಯಿ ಬಿಟ್ಟಿದ್ದನ್ನ ಯಾರೂ ಕೇಳಿಲ್ಲ.

ಎಷ್ಟು ಮಕ್ಕಳನ್ನ ನಾನು ಹೀಗೇ ಮೂಲೆಗೆ ನಿಲ್ಲಿಸಿದ್ದೀನೋ ಲೆಕ್ಕ ಇಲ್ಲ. "ಇದೇ ಬೇಕು" ಅಂದೆ.

ಅಲ್ಲಿ ನೋಡ್ಕೊಳ್ಳೋ ಹುಡುಗಿ ನಿಜ ಹೇಳಿದಳು. "ಆಂಟಿ, ಎರಡು ತಿಂಗಳು ನೋಡಿ. ಅಷ್ಟರಲ್ಲಿ ಇದು ಬಚ್ಚಿಟ್ಕೊಳ್ಳೋದು ಬಿಡದಿದ್ರೆ ನಾನೇ ಬಂದು ವಾಪಸ್ ಕರ್ಕೊಂಡು ಹೋಗ್ತೀನಿ. ಹೆದರ್ಕೊಂಡೇ ಬದುಕೋದು ಅದಕ್ಕೂ ಹಿಂಸೆ. ಅಲ್ಲೀವರೆಗೂ ಮೂರು ಮಾತು ನೆನಪಿಟ್ಕೊಳ್ಳಿ. ಎದುರಿಗೆ ನಿಂತ್ಕೋಬೇಡಿ, ದುರುಗುಟ್ಟಿ ನೋಡಬೇಡಿ, ಗಟ್ಟಿಯಾಗಿ ಮಾತಾಡಬೇಡಿ."

ನಮ್ಮನೆಯವರು ಯೋಚನೆ ಮಾಡಿ ಕೇಳಿದ್ರು: "ಅಂದ್ರೆ, ಇವಳು ಎರಡು ತಿಂಗಳು ಬೇರೆ ಮನೇಲಿರಬೇಕಾ?"

ಓನರ್ ಹಾಕಿದ ಷರತ್ತು

ನಾವಿರೋದು ಬಾಡಿಗೆ ಮನೆ, ಕೆಳಗಡೆ. ಮೇಲೆ ಓನರ್ ದಂಪತಿ. ಅಗ್ರಿಮೆಂಟಿಗೆ ಸೈನ್ ಹಾಕಿದ್ದು ಹೆಂಡತಿ, ಆದ್ರೆ ಮಾತೆಲ್ಲ ಯಜಮಾನರದೇ. ಆ ಅಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗಹಾಕ್ತಾ ಸುಮ್ಮನೆ ನೋಡ್ತಿರ್ತಾರೆ. ಯಜಮಾನರು ನೀರಿನ ಮೋಟರ್ ಆಫ್ ಮಾಡು ಅನ್ನೋದನ್ನ ಹೇಳಿದ್ರೂ ಹೊಸಕೆರೆಹಳ್ಳಿಗೆ ಕೇಳಿಸುತ್ತೆ.

ಆಟೋದಿಂದ ನಾಯಿ ಇಳಿಸಿದ್ದನ್ನ ನೋಡಿದವರೇ ಇಳಿದು ಬಂದ್ರು. "ಮೇಡಂ, ನಾಯಿ ಇಟ್ಕೊಳ್ಳಿ. ಆದ್ರೆ ಒಂದೇ ಒಂದು ಸಲ ಬೊಗಳಿದ್ರೂ ಅದು ಆಚೆಗೆ. ನನಗೆ ಗಲಾಟೆ ಆಗಲ್ಲ."

ಇಷ್ಟನ್ನೂ ಅವರು ಹೇಳಿದ ಜೋರಿಗೆ ನಾಯಿ ನನ್ನ ಸೀರೆಯೊಳಗೆ ಸೇರಿಕೊಳ್ತು. ಬಾಯಿ ಬಿಡದ ನಾಯಿ ತಾನೇ ಅಂತ ನಾನು ಧೈರ್ಯವಾಗಿ ತಲೆಯಾಡಿಸಿದೆ.

ಬಿಸಿಬೇಳೆಬಾತ್

ಪುಟ್ಟಿ ಅಂತ ಹೆಸರಿಟ್ವಿ. ಪುಟ್ಟಿ ಬಂದದ್ದೇ ಹಾಲಿನ ದಿವಾನ್ ಕೆಳಗೆ ಹೋಯ್ತು, ಅಲ್ಲೇ ಠಿಕಾಣಿ ಹೂಡಿತು. ಎರಡು ದಿನ ಅನ್ನ ಮುಟ್ಟಲಿಲ್ಲ. ಕುಕ್ಕರ್ ಕೂಗಿದ್ರೆ ಹೆದರಿಕೆ, ಛತ್ರಿ ಕಂಡ್ರೆ ಹೆದರಿಕೆ, ನಮ್ಮನೆಯವರು ಪಂಚೆ ಕೊಡವಿದ್ರೆ ಹೆದರಿಕೆ. ಪಾಪ, ಅವರು ಮನೆಯಲ್ಲೂ ಪ್ಯಾಂಟ್ ಹಾಕ್ಕೊಂಡು ಕೂರೋ ಹಾಗಾಯ್ತು.

ನಾನು ನೆಲದ ಮೇಲೆ ಅಂಗಾತ ಮಲಗಿ, ಮುಖ ಬೇರೆ ಕಡೆ ತಿರುಗಿಸಿ, ಗೋಗರೆಯೋಕೆ ಶುರು ಮಾಡಿದೆ. "ತಪ್ಪಾಯ್ತು ಕಣೋ ಪುಟ್ಟಾ. ಇನ್ಮೇಲೆ ಕಿರಿಚಲ್ಲ. ದಿವಾನ್ ಕೆಳಗಿಂದ ಆಚೆ ಬಾ. ನಿನ್ನೆಯಿಂದ ಏನೂ ತಿಂದಿಲ್ಲ ನೀನು. ಯಾರೂ ಹೊಡೆಯಲ್ಲ, ಬಾ." ಮೆತ್ತಗೆ ಅಂದುಕೊಂಡೇ ಹೇಳಿದ್ದು. ನನ್ನ ಮೆತ್ತಗೆ ಅಂದ್ರೆ ಕಾಂಪೌಂಡ್ ದಾಟುತ್ತೆ.

ಅರ್ಧ ಗಂಟೆಗೆ ಪಕ್ಕದ ಮನೆಯಾಕೆ ಬಾಗಿಲು ಬಡಿದರು. ಕೈಯಲ್ಲಿ ಬಿಸಿಬೇಳೆಬಾತ್, ಮೇಲೆ ಖಾರಾಬೂಂದಿ. ನನ್ನ ಮುಖ ಕೂಡ ನೋಡದೆ ನೇರ ನಮ್ಮನೆಯವರ ಹತ್ರ ಹೋಗಿ, "ತಗೊಳ್ಳಿ ಅಣ್ಣ, ಊಟದ ಮೇಲೆ ಸಿಟ್ಟು ತೋರಿಸಬಾರದು. ದಿವಾನ್ ಕೆಳಗೆಲ್ಲ ಕೂತ್ರೆ ಸೊಂಟ ಹಿಡ್ಕೊಳ್ಳುತ್ತೆ" ಅಂತ ಸಮಾಧಾನ ಹೇಳಿದ್ರು.

ನಮ್ಮನೆಯವರು ದುಃಖದ ಮುಖ ಮಾಡ್ಕೊಂಡು ಅಷ್ಟೂ ತಿಂದರು. ನಾಯಿ ವಿಷಯ ಹೇಳಿದ್ದು ಬಟ್ಟಲು ತೊಳೆದು ವಾಪಸ್ ಕೊಡುವಾಗ.

ಔಷಧಿ

ಪುಟ್ಟಿಗೆ ಇಂಜೆಕ್ಷನ್ ಹಾಕಿಸೋಕೆ ಜಯನಗರದ ಒಬ್ಬ ನಾಯಿ ಡಾಕ್ಟರ ಹತ್ರ ಹೋದೆ. ಡಾಕ್ಟರು ತಲೆ ಎತ್ತಿ ನನ್ನನ್ನ ನೋಡಿದವರೇ ಎದ್ದು ನಿಂತರು. "ಮೇಡಂ, ನಮಸ್ಕಾರ ಮೇಡಂ. ಟೆಂತ್ ಬಿ ಸೆಕ್ಷನ್ ಮೇಡಂ." ನನಗೂ ಗುರುತು ಸಿಕ್ತು. ಬೀಜಗಣಿತದ ಹೋಂವರ್ಕ್ ಒಂದು ದಿನವೂ ತಂದವನಲ್ಲ. ಈಗ ಕೋಟು, ಕನ್ನಡಕ, ದೊಡ್ಡ ಮನುಷ್ಯ.

ಪುಟ್ಟಿ ಮೇಜಿನ ಕೆಳಗೆ ನಡುಗ್ತಿತ್ತು, ಡಾಕ್ಟರ ಕೈ ಮೇಜಿನ ಮೇಲೆ ನಡುಗ್ತಿತ್ತು. ಎರಡು ಸಲ ಸಿರಿಂಜ್ ಬೀಳಿಸಿದ. "ಕೂತ್ಕೊಳ್ಳಪ್ಪ" ಅಂದೆ. ಪಾಪ, ತಕ್ಷಣ ಕೂತ. ಕಾಂಪೌಂಡರ್ ಬಾಯಿ ಮುಚ್ಚಿಕೊಂಡು ಒಳಗೆ ಹೋದ, ನಗೋಕೆ.

ಎಲ್ಲ ಮುಗಿದ ಮೇಲೆ ಕೇಳಿದೆ. "ಇದರ ಹೆದರಿಕೆಗೆ ಏನಾದ್ರೂ ಔಷಧಿ ಇದೆಯೇನಪ್ಪ?"

ಅವನು ನೆಲ ನೋಡ್ತಾ ಹೇಳಿದ. "ಇದ್ದಿದ್ರೆ ಟೆಂತ್‌ನಲ್ಲೇ ತಗೋತಿದ್ದೆ ಮೇಡಂ."

ಪಿಸುಮಾತಿನ ಪಾಠ

ಮನೆಯಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ನನ್ನ ಗಂಟಲಿಗೆ ಅದೇ ಅಭ್ಯಾಸ ಆಗಿಹೋಯ್ತು. ಸ್ಕೂಲಿಗೆ ಹೋಗಿ ಒಂಬತ್ತನೇ ಕ್ಲಾಸಿನಲ್ಲಿ "ಮಕ್ಕಳೇ, ಹೋಂವರ್ಕ್ ತೋರಿಸ್ತೀರಾ" ಅಂತ ಮೆತ್ತಗೆ ಕೇಳಿದೆ. ಕ್ಲಾಸ್ ಹೆಪ್ಪುಗಟ್ಟಿತು. ಐವತ್ತೆರಡು ಪುಸ್ತಕ ಒಟ್ಟಿಗೆ ಬಂದವು, ನನ್ನ ಸರ್ವೀಸಿನಲ್ಲೇ ಮೊದಲ ಸಲ. ಮಧ್ಯಾಹ್ನ ಹೆಡ್‌ಮಿಸ್ ಕರೆಸಿದ್ರು. "ಏನ್ರೀ, ಮಕ್ಕಳು ಅಳ್ತಿದ್ದಾರೆ. ಮೇಡಂ ಕಿರಿಚ್ತಿಲ್ಲ, ಏನೋ ದೊಡ್ಡದು ಕಾದಿದೆ ಅಂತ."

ಅಷ್ಟು ದಿನ ಪಟ್ಟ ಪಾಡಿಗೆ ನಲವತ್ತನೇ ದಿನ ಫಲ ಸಿಕ್ತು. ನೆಲದ ಮೇಲೆ ಕೂತು ಪೇಪರ್ ತಿದ್ದುತ್ತಿದ್ದೆ. ಪಾದದ ಮೇಲೆ ಏನೋ ಬೆಚ್ಚಗಾಯ್ತು. ದಿವಾನ್ ಕೆಳಗಿಂದ ಮೂತಿ ಮಾತ್ರ ಆಚೆ ಹಾಕಿ ಪುಟ್ಟಿ ನನ್ನ ಪಾದದ ಮೇಲೆ ಇಟ್ಟಿದ್ದಳು. ಹೌದು, ಅವತ್ತಿಂದ ನನಗೆ ಪುಟ್ಟಿ 'ಅದು' ಅಲ್ಲ, 'ಅವಳು'. ಒಂದು ಗಂಟೆ ನಾನು ಅಲುಗಾಡಲಿಲ್ಲ. ಕಾಲು ಜೋಮು ಹಿಡಿದು ಸತ್ತೇಹೋಗಿತ್ತು, ಕಣ್ಣಲ್ಲಿ ನೀರು ಬರ್ತಿತ್ತು. ಯಾರನ್ನೂ ಇಷ್ಟು ಹೆದರಿ ಹೆದರಿ ನಾನು ಪ್ರೀತಿ ಮಾಡಿರಲಿಲ್ಲ. ಆ ಖುಷಿಯಲ್ಲಿ ಒಂದು ಪೇಪರಿಗೆ ನೂರಕ್ಕೆ ನೂರಾಹತ್ತು ಹಾಕಿದ್ದೆ. ಆ ಹುಡುಗನ ಅಪ್ಪ ಇವತ್ತಿಗೂ ಅದನ್ನ ಫ್ರೇಮ್ ಹಾಕಿಸಿ ಇಟ್ಟಿದ್ದಾರೆ.

ಅರವತ್ತನೇ ದಿನ

ಎರಡು ತಿಂಗಳು ತುಂಬಿದ ಭಾನುವಾರ ಆ ಹುಡುಗಿ ಸ್ಕೂಟರ್‌ನಲ್ಲಿ ಬಂದಳು. ಗೇಟಿನ ಸದ್ದಿಗೇ ಪುಟ್ಟಿ ದಿವಾನ್ ಕೆಳಗೆ. ಬಿಸ್ಕತ್ತು ತೋರಿಸಿದ್ವಿ, ಕರೆದ್ವಿ, ಬೇಡಿಕೊಂಡ್ವಿ. ಬಾಲದ ತುದಿಯೂ ಕಾಣಲಿಲ್ಲ.

ಹುಡುಗಿ ನನ್ನ ಕೈ ಹಿಡ್ಕೊಂಡಳು. "ನೀವು ತುಂಬಾ ಕಷ್ಟಪಟ್ರಿ ಆಂಟಿ. ಆದ್ರೆ ಇನ್ನೂ ಹೀಗೇ ಇದ್ರೆ..." ನಮ್ಮನೆಯವರು ಕಿಟಕಿ ಕಡೆ ತಿರುಗಿ ನಿಂತರು, ಪ್ಯಾಂಟಿನಲ್ಲೇ. ನಾನು ಚೈನು ತರೋಕೆ ಎದ್ದೆ.

ಅಷ್ಟರಲ್ಲಿ ಬಾಗಿಲಲ್ಲಿ ಓನರ್. "ಮೇಡಂ, ಆ ಸ್ಕೂಟರ್ ಯಾರದ್ರೀ? ನನ್ನ ಕಾರಿಗೆ ಅಡ್ಡ ನಿಲ್ಸಿದಾರೆ. ಎಷ್ಟು ಸಲ ಹೇಳ್ಬೇಕು ನಿಮಗೆ? ತಲೆ ಇದೆಯೋ ಇಲ್ವೋ?"

"ತೆಗೆಸ್ತೀನಿ ಸಾರ್" ಅಂದೆ. ಎರಡು ತಿಂಗಳ ಅಭ್ಯಾಸ, ಪಿಸುಮಾತೇ ಬಂತು.

"ಏನ್ರೀ ಗೊಣಗ್ತೀರಾ? ಗಟ್ಟಿಯಾಗಿ ಮಾತಾಡೋಕಾಗಲ್ವಾ?" ಅಂತ ಬೆರಳು ತೋರಿಸಿ ಒಂದು ಹೆಜ್ಜೆ ಮುಂದೆ ಬಂದರು.

ನನ್ನ ಸೀರೆ ನೆರಿಗೆ ಅಲ್ಲಾಡಿತು. ನೋಡಿದ್ರೆ ಪುಟ್ಟಿ. ದಿವಾನ್ ಬಿಟ್ಟು, ಹಾಲು ದಾಟಿ, ನನ್ನ ಮುಂದೆ ಬಂದು ನಾಲ್ಕೂ ಕಾಲು ಊರಿ ನಿಂತಿದ್ದಳು. ಮೈ ಗಡಗಡ ನಡುಗ್ತಿತ್ತು. ನಡುಗ್ತಾ ನಡುಗ್ತಾನೇ ಬಾಯಿ ತೆಗೆದಳು. ಬೌ. ಆಮೇಲೆ ಇನ್ನೊಂದು. ನಾನು ಗಣಿತದವಳು, ಎಣಿಸಿದೆ. ಒಟ್ಟು ಹದಿನೇಳು. ಆರನೆಯದಕ್ಕೆ ಓನರ್ ನಮ್ಮ ಬಾಗಿಲ ಮೆಟ್ಟಿಲು ಇಳಿದರು, ಹನ್ನೊಂದನೆಯದಕ್ಕೆ ಅಂಗಳದಲ್ಲಿದ್ದರು, ಹದಿನೇಳಕ್ಕೆ ತಮ್ಮ ಕಾರಿನ ಆಚೆಗಿದ್ದರು.

ಹುಡುಗಿ ಬಾಯಿ ಮೇಲೆ ಕೈಯಿಟ್ಟುಕೊಂಡು ಅಳ್ತಿದ್ದಳು. "ಆಂಟಿ, ಇವಳ ವಾಯ್ಸ್ ನಾನು ಕೇಳೇ ಇರ್ಲಿಲ್ಲ." ನನಗೆ ತಡೆಯೋಕಾಗಲಿಲ್ಲ. ಮೂರನೇ ಮಹಡಿಗೆ ಕೇಳೋ ಗಂಟಲಲ್ಲಿ ಕೂಗಿಬಿಟ್ಟೆ. "ಭೇಷ್ ಪುಟ್ಟಿ!" ಕೂಗಿದ ಮೇಲೆ ಎದೆ ಧಸಕ್ ಅಂತು. ಅವಳು ಓಡಿಹೋಗಲಿಲ್ಲ. ತಿರುಗಿ ನನ್ನನ್ನ ನೋಡಿ ಬಾಲ ಅಲ್ಲಾಡಿಸಿದಳು.

ಹುಡುಗಿ ಕಣ್ಣೊರೆಸಿಕೊಂಡು, ಖಾಲಿ ಕೈಯಲ್ಲೇ ಹೋಗ್ತೀನಿ ಅಂದಳು. ಆಗ ಕಾರಿನ ಹಿಂದಿನಿಂದ ಓನರ್ ಧ್ವನಿ ಬಂತು. "ಬೊಗಳ್ತಲ್ಲ ಮೇಡಂ? ಮಾತು ಅಂದ್ರೆ ಮಾತು. ನಾಳೆಯಿಂದ ನಾಯಿ ಇಲ್ಲಿರೋ ಹಾಗಿಲ್ಲ."

ಷರತ್ತು ನನಗೆ ಮರೆತೇಹೋಗಿತ್ತು.

ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಒಣಗಹಾಕ್ತಿದ್ದ ಅವರ ಹೆಂಡತಿ ಕೈಯಲ್ಲಿದ್ದ ಟವೆಲ್ಲನ್ನ ಜೋರಾಗಿ ಒಂದು ಸಲ ಕೊಡವಿದರು. ಆ ಮನೆಗೆ ಬಂದು ಐದು ವರ್ಷಕ್ಕೆ ಅವತ್ತೇ ನಾನು ಅವರ ಧ್ವನಿ ಕೇಳಿದ್ದು.

"ರೀ, ಅಗ್ರಿಮೆಂಟಿಗೆ ಸೈನ್ ಹಾಕಿದ್ದು ನಾನು. ಆ ನಾಯಿ ಎಲ್ಲಿಗೂ ಹೋಗಲ್ಲ."

"ಯಾಕೆ?" ಅಂದ್ರು ಓನರ್.

"ನಲವತ್ತು ವರ್ಷದಿಂದ ನಾನು ನಿಮಗೆ ಹೇಳಬೇಕು ಅಂತಿದ್ದದ್ದನ್ನ ಅವಳು ಒಂದೇ ನಿಮಿಷದಲ್ಲಿ ಹೇಳ್ಬಿಟ್ಳು."