ಗುಡ್ಡ ಹತ್ತಿದ ತಲೆಬರಹ

ಕೆಲವರಿಗೆ ಇಸ್ಪೀಟಿನ ಚಟವಿರುತ್ತದೆ, ಕೆಲವರಿಗೆ ಎಲೆ ಅಡಿಕೆಯದು. ನನ್ನ ಚಟ ಇವೆಲ್ಲಕ್ಕಿಂತ ಕೆಟ್ಟದ್ದು. ಯಾರಾದರೂ ‘ನಿಮ್ಮನ್ನು ಬಿಟ್ಟರೆ ಇದನ್ನು ಮಾಡುವವರಿಲ್ಲ’ ಎಂದರೆ ಸಾಕು, ಅದು ಏನು ಎತ್ತ ಎಂದು ಕೇಳದೆ ತೋಳೇರಿಸಿ ನಿಂತುಬಿಡುತ್ತೇನೆ. ಹೀಗೆ ಹೇಳಿಸಿಕೊಂಡೇ ಒಮ್ಮೆ ಪಕ್ಕದ ಮನೆಯ ರೇಡಿಯೊ ಬಿಚ್ಚಿದ್ದೆ. ಬಿಚ್ಚುವ ಮುಂಚೆ ಅದು ಗೊರಗೊರ ಎನ್ನುತ್ತಿತ್ತು, ಜೋಡಿಸಿದ ಮೇಲೆ ಮೌನವಾಯಿತು. ಪಕ್ಕದ ಮನೆಯವರೂ ಕೆಲವು ತಿಂಗಳು ನಮ್ಮೊಂದಿಗೆ ಮೌನವಾಗಿದ್ದರು. ಇಂಥವನೊಬ್ಬ ಕೂತಿರುವ ಕಚೇರಿಗೆ ಕಂಪ್ಯೂಟರ್ ಬಂದರೆ ಅದು ಯಾರ ಕೊರಳಿಗೆ ಬೀಳುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಬಳ್ಳಾರಿಯ ನಮ್ಮ ಕಚೇರಿಯಲ್ಲಿ ತಂಪಾಗಿದ್ದದ್ದು ಕಂಪ್ಯೂಟರಿನ ಕೋಣೆಯೊಂದೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಬೇಸಿಗೆಯಲ್ಲಿ ಆ ಬಾಗಿಲ ಮುಂದಿನ ಚಪ್ಪಲಿಗಳ ರಾಶಿ ನೋಡಿದವರು ಒಳಗೆ ಯಾರದೋ ಮದುವೆ ನಡೆದಿದೆ ಎಂದುಕೊಳ್ಳಬೇಕು. ಬೆಂಗಳೂರಿನಲ್ಲಿ ಹದಿನೈದು ದಿನ ತರಬೇತಿ ಪಡೆದು, ಅದರಲ್ಲಿ ಅರ್ಧ ದಿನಗಳನ್ನು ಊರು ನೋಡುವುದರಲ್ಲಿ ಕಳೆದು ಬಂದ ನಾನು ಆ ಕೋಣೆಯ ಅಧಿಪತಿ. ಆ ಬೇಸಿಗೆಯಲ್ಲಿ ಚುನಾವಣೆ ಬಂತು. ನೌಕರರಲ್ಲಿ ಯಾರು ಯಾವ ಊರಿನ ಮತಗಟ್ಟೆಗೆ ಹೋಗಬೇಕೆಂದು ಯಂತ್ರವೇ ಚೀಟಿ ಎತ್ತಿದಂತೆ ಆರಿಸುತ್ತಿತ್ತು. ಅದನ್ನು ಪಟ್ಟಿಯಾಗಿ ಮುದ್ರಿಸಿ ಕೊಡುವುದಷ್ಟೇ ನನ್ನ ಕೆಲಸ. ಹಾಳೆಯ ನೆತ್ತಿಯಲ್ಲಿ ತಾಲ್ಲೂಕಿನ ಹೆಸರು, ಕೆಳಗೆ ನೌಕರರ ಹೆಸರು, ಅದರ ಮುಂದೆ ಮತಗಟ್ಟೆಯ ನಂಬರು ಮಾತ್ರ.

ಅಷ್ಟರಲ್ಲಿ ಬೆಂಗಳೂರಿನಿಂದ ಒಬ್ಬ ತರುಣ ಇಂಜಿನಿಯರು ಫ್ಲಾಪಿಗಳ ಡಬ್ಬಿ ಹಿಡಿದು ಬಂದ. ಹಳೆಯ ಪ್ರೋಗ್ರಾಂ ತೆಗೆದು ಹೊಸದನ್ನು ಹಾಕಿದ. ಇನ್ನು ಮೇಲೆ ಎಲ್ಲ ಬೇಗಬೇಗ ಆಗುತ್ತದೆ ಎಂದ. ಮಂಡಕ್ಕಿ ಒಗ್ಗರಣೆ ಮಿರ್ಚಿ ತಿಂದು, ಕಣ್ಣೀರು ಒರೆಸಿಕೊಂಡು, ಸಂಜೆಯ ರೈಲಿಗೆ ಹೋಗಿಯೂಬಿಟ್ಟ. ಒಂದೇ ಒಂದು ಹಾಳೆ ಮುದ್ರಿಸಿ ನೋಡಲು ಅವನಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

ಮರುದಿನ ಪ್ರಿಂಟರ್ ಕಿರ್ರ್ ಎಂದು ಶುರುವಾಯಿತು. ಮೊದಲ ಹಾಳೆಯ ನೆತ್ತಿಯ ಮೇಲೆ ಬಳ್ಳಾರಿ ತಾಲ್ಲೂಕೆಂಬ ತಲೆಬರಹ ಸರಿಯಾಗಿಯೇ ಕೂತಿತು. ಎರಡನೆಯ ಪುಟದ ತಲೆಬರಹ ಮಾತ್ರ ಮೊದಲ ಹಾಳೆಯ ಕಾಲ ಬಳಿಯೇ ಬಂದು ಕೂತಿತು. ಮೂರನೆಯದು ಇನ್ನೂ ಸ್ವಲ್ಪ ಮೇಲೆ, ನಾಲ್ಕನೆಯದು ಅದಕ್ಕಿಂತ ಮೇಲೆ. ನಮ್ಮೂರ ಕೋಟೆ ಗುಡ್ಡ ಹತ್ತುವವರಂತೆ ಅದು ಹಾಳೆಗೊಂದು ಮೆಟ್ಟಿಲು ಏರುತ್ತಿತ್ತು. ನಮ್ಮ ಸೂಪರಿಂಟೆಂಡೆಂಟ್ ವಿರೂಪಾಕ್ಷಪ್ಪನವರಿಗೆ ಈ ಉದ್ದನೆಯ ಕಾಗದವನ್ನು ತೂತಿನ ಗೆರೆಗುಂಟ ಹರಿಯುವುದೆಂದರೆ ಪ್ರೀತಿ. ಅವರು ಹರಿದಾಗ ಗೆರೆಯ ಮೇಲೆ ಬಿದ್ದ ಹೆಸರುಗಳು ಅಡ್ಡಡ್ಡ ಸೀಳಿಹೋದವು. ಸಿರುಗುಪ್ಪ ಎಂಬ ತಲೆಬರಹ ಬಳ್ಳಾರಿಯ ಹಾಳೆಯಲ್ಲೇ ಉಳಿದು, ಸಿರುಗುಪ್ಪಕ್ಕೆ ಹೋಗಬೇಕಾದವರೆಲ್ಲ ತಾವು ಬಳ್ಳಾರಿಯವರೆಂದು ಖುಷಿಪಟ್ಟರು. ಬಳ್ಳಾರಿ ತಾಲ್ಲೂಕಿನದೇ ಆದ ಕೊಳಗಲ್ಲಿಗೆ ಹೋಗಬೇಕಾದವರು ಮಾತ್ರ ತಮ್ಮ ಹೆಸರಿನ ಕೆಳಗೇ ಸಿರುಗುಪ್ಪ ಎಂದಿರುವುದನ್ನು ಕಂಡು ಜಗಳಕ್ಕೆ ಬಂದರು.

ನಾನು ಮಾತ್ರ ಆ ಪಟ್ಟಿಯನ್ನು ಎರಡು ಸಲ ಓದಿ ಒಳಗೊಳಗೇ ಹಿಗ್ಗಿದೆ. ಅದರಲ್ಲಿ ನನ್ನ ಹೆಸರಿರಲಿಲ್ಲ. ಮತದಾನದ ದಿನವೇ ಕುರುಗೋಡಿನಲ್ಲಿ ನನ್ನ ನಾದಿನಿಯ ನಿಶ್ಚಿತಾರ್ಥ. ಹಿರಿಯ ಅಳಿಯ ಮಾವನ ಪಕ್ಕದಲ್ಲಿ ಕೂತು ಬೀಗರನ್ನು ಮಾತಾಡಿಸಬೇಕು. ಈ ಹಿಂದೆ ಮೈದುನನ ಮದುವೆಗೂ ಮಾವನ ಮನೆಯ ಗೃಹಪ್ರವೇಶಕ್ಕೂ ಕಚೇರಿಯ ನೆವದಿಂದ ತಪ್ಪಿಸಿಕೊಂಡವನು ನಾನು. ನನ್ನ ಹೆಂಡತಿ ಗಿರಿಜಾಗೆ ತೌರಿನಲ್ಲಿ ‘ನಿನಗ ಗಂಡ ಅದಾನೋ ಇಲ್ಲೋ’ ಎಂಬಷ್ಟು ಹಾಸ್ಯವಾಗಿತ್ತು. ಈ ಸಲವೂ ತಪ್ಪಿದರೆ ತಾನು ತೌರಿನ ಹೊಸ್ತಿಲು ತುಳಿಯುವುದಿಲ್ಲ ಎಂದು ಅವಳು ಅತ್ತಿದ್ದಳು. ಅವಳು ಸುಮ್ಮಸುಮ್ಮನೆ ಅಳುವ ಹೆಂಗಸಲ್ಲ. ಆ ಸಂಜೆ ಪಟ್ಟಿಯಲ್ಲಿ ನಾನಿಲ್ಲ ಎಂದಾಗ ಅವಳ ಮುಖ ಅರಳಿದ್ದು ನೋಡಿ ನನಗೆ ನಿಜವಾಗಿ ಸಂತೋಷವಾಯಿತು. ಕುರುಗೋಡಿನ ಬಸ್ಸಿನಲ್ಲಿ ಹೊರಟವರ ಕೈಯಲ್ಲಿ ಅಂದೇ ಸುದ್ದಿ ಹೋಯಿತು.

ಇತ್ತ ಕಚೇರಿಯಲ್ಲಿ ರೋಗದ ಪರೀಕ್ಷೆ ನಡೆದಿತ್ತು. ಪ್ರಿಂಟರ್ ಮಾರಿದವನು ಬಂದು ಯಾವುದೋ ಗುಂಡಿ ಒತ್ತಿ ಹಿಡಿದು, ಎ ಬಿ ಸಿ ಡಿ ಎಲ್ಲ ಅಚ್ಚುಕಟ್ಟಾಗಿ ಮೂಡುವುದನ್ನು ತೋರಿಸಿ, “ಪ್ರಿಂಟರ್ ಬಾಗುಂದಿ ಸಾರ್” ಎಂದು ತೆಲುಗಿನಲ್ಲಿ ಪ್ರಮಾಣಪತ್ರ ಕೊಟ್ಟು ಹೋದ. ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿದರೆ ಇಂಜಿನಿಯರು ಪ್ರೋಗ್ರಾಂ ಚೆನ್ನಾಗಿದೆ, ಪ್ರಿಂಟರ್ ನೋಡಿಸಿ ಎಂದ. ವೋಲ್ಟೇಜು ಎಂದರು ಒಬ್ಬರು, ಬಿಸಿಲು ಎಂದರು ಇನ್ನೊಬ್ಬರು. ರಾಹುಕಾಲದಲ್ಲಿ ಹೊಸ ಪ್ರೋಗ್ರಾಂ ಹಾಕಿಸಿದ್ದೇ ತಪ್ಪೆಂದ ವಿರೂಪಾಕ್ಷಪ್ಪನವರು ಪ್ರಿಂಟರಿನ ಮೇಲೆ ನಿಂಬೆಹಣ್ಣು ಇಟ್ಟರು. ಅದು ಮುದ್ರಣದ ನಡುಕಕ್ಕೆ ಉರುಳಿ ಕಾಗದದ ಹಿಂದೆ ಸಿಕ್ಕಿಕೊಂಡು, ಅದನ್ನು ತೆಗೆಯುವುದೇ ಒಂದು ಹೊಸ ಕೆಲಸವಾಯಿತು. ಕೊನೆಗೆ ಸಾಹೇಬರು ನನ್ನನ್ನು ಕರೆದರು.

“ಪಂಪಾಪತಿ, ಇದನ್ನ ನೀವೇ ಸರಿ ಮಾಡಬೇಕ್ರಿ. ನಿಮ್ಮನ್ನ ಬಿಟ್ರ ಈ ಕಚೇರ್ಯಾಗ ಯಾರಿಗೆ ಗೊತ್ತೈತಿ?”

ಬುದ್ಧಿಯಿದ್ದವನಾಗಿದ್ದರೆ ಅಲ್ಲೇ ಜ್ವರ ಬರಿಸಿಕೊಳ್ಳುತ್ತಿದ್ದ. ನಾನು ಎದುರಿನ ದರ್ಜಿಯ ಅಂಗಡಿಯಿಂದ ಅಳತೆಯ ಟೇಪು ತಂದೆ. ಪ್ಯಾಂಟಿಗೆ ಅಳತೆ ತೆಗೆಯುವಂತೆ ಹಾಳೆಯನ್ನು ಉದ್ದಕ್ಕೆ ಅಳೆದರೆ ಹನ್ನೆರಡು ಅಂಗುಲ ಬಂತು. ತಲೆಬರಹದಿಂದ ತಲೆಬರಹಕ್ಕೆ ಅಳೆದರೆ ಹನ್ನೊಂದೇ. ಹೊಸ ಪ್ರೋಗ್ರಾಂ ನಮ್ಮ ಕಾಗದವನ್ನು ಒಂದು ಅಂಗುಲ ಗಿಡ್ಡ ಎಂದು ತಿಳಿದಿತ್ತು, ಅಷ್ಟೇ. ಹುಡುಕಿ ಹುಡುಕಿ, ಪುಟಕ್ಕೆ ಅರವತ್ತಾರು ಸಾಲು ಎಂದಿದ್ದಲ್ಲಿ ಎಪ್ಪತ್ತೆರಡು ಎಂದು ಒತ್ತಿದೆ. ಬಾಳಿನಲ್ಲಿ ನಾನು ಕೈ ಹಾಕಿ ಸರಿಹೋದ ಮೊದಲ ವಸ್ತು ಆ ಪ್ರಿಂಟರ್. ತಲೆಬರಹಗಳೆಲ್ಲ ಗುಡ್ಡ ಇಳಿದು ತಂತಮ್ಮ ಹಾಳೆಯ ನೆತ್ತಿಗೆ ಬಂದು ಕೂತವು. ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ವಿರೂಪಾಕ್ಷಪ್ಪನವರು ಹಾಳೆ ಹರಿದು, ಕನ್ನಡಕ ಏರಿಸಿ, ಸಿರುಗುಪ್ಪ ತಾಲ್ಲೂಕನ್ನು ಗಟ್ಟಿಯಾಗಿ ಓದತೊಡಗಿದರು. ನಡುವೆ ಒಮ್ಮೆ ನಿಂತು ನನ್ನ ಕಡೆ ನೋಡಿದರು.

“ತಮ್ಮಾ, ತೆಕ್ಕಲಕೋಟಿ ನಂಬರು ನಿನ್ನ ಹೆಸರಿನ ಮುಂದ ಐತಲ್ಲೋ. ಅವತ್ತು ಹರಿಯೋವಾಗ ಸೀಳಿ ಹೋಗಿತ್ತು ನೋಡು.”

ನಾನು ಸಾಹೇಬರ ಕೋಣೆಗೆ ಓಡಿದೆ. ನಾದಿನಿಯ ವಿಷಯ, ಹೆಂಡತಿಯ ವಿಷಯ, ಎಲ್ಲ ಹೇಳಿ ಬೇಡಿಕೊಂಡೆ. ಅವರಿಗೂ ಪಾಪ ಎನ್ನಿಸಿತು. ಆದರೂ ತಲೆಯಾಡಿಸಿದರು. “ಕಂಪ್ಯೂಟರ್ ಮುಂದ ಕುಂತಾವ ತನ್ನ ಹೆಸರು ತಾನೇ ಅಳಿಸ್ಕೊಂಡಾನ ಅಂತಾರ್ರಿ. ನಾ ಏನು ಹೇಳ್ಲಿ?” ಎಂದರು.

ಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಗಿರಿಜಾ ಈ ಸಲ ಅಳಲಿಲ್ಲ. “ಇಷ್ಟು ವರ್ಷ ಮುಟ್ಟಿದ್ದೆಲ್ಲ ಕೆಡಿಸ್ಕೊಂತ ಬಂದ್ರಿ. ಸರಿ ಮಾಡಾಕ ನಿಮಗ ಇದೇ ಸಿಕ್ತೇನ್ರಿ?” ಎಂದಳು. ಮತದಾನದ ಹಿಂದಿನ ದಿನ ಒಬ್ಬಳೇ ಕುರುಗೋಡಿಗೆ ಹೋದಳು. ಬಸ್ಸು ತಿರುಗುವವರೆಗೂ ಅವಳು ಕಿಟಕಿಯತ್ತ ಮುಖ ಮಾಡಲಿಲ್ಲ.

ತೆಕ್ಕಲಕೋಟೆಯ ಶಾಲೆಯೊಂದರಲ್ಲಿ ನನ್ನ ಪಕ್ಕ ಕೂತವರು ಬಳ್ಳಾರಿಯ ಒಬ್ಬ ಮೇಷ್ಟ್ರು. ಬೆರಳಿಗೆ ಮಸಿ ಹಚ್ಚುತ್ತ ಹಚ್ಚುತ್ತ ತಮ್ಮ ದುಃಖ ತೋಡಿಕೊಂಡರು. ಮೊದಲ ಪಟ್ಟಿಯ ಪ್ರಕಾರ ಅವರಿಗೆ ಮನೆಯ ಹಿಂದಿನ ಬೀದಿಯೇ ಸಿಕ್ಕಿತ್ತಂತೆ. ಮಧ್ಯಾಹ್ನ ಮನೆಯ ಊಟ, ಊಟದ ಮೇಲೆ ಒಂದು ಸಣ್ಣ ನಿದ್ದೆ, ಎಲ್ಲ ಲೆಕ್ಕ ಹಾಕಿಕೊಂಡಿದ್ದರಂತೆ. ಅಷ್ಟರಲ್ಲಿ ಯಾವನೋ ತಿಳಿಗೇಡಿ ಮಿಷನ್ನು ರಿಪೇರಿ ಮಾಡಿ ಎಲ್ಲ ಹಾಳು ಮಾಡಿದನಂತೆ. “ಯಾರ್ರೀ ಅವ? ನಿಮ್ಮ ಕಚೇರಿಯಾವನೇ ಅಂತಲ್ಲ, ನಿಮಗೇನರ ಗೊತ್ತದಾನೇನು?” ಎಂದು ಕೇಳಿದರು.

ಗೊತ್ತು ಎಂದೆ. ಬಹಳ ದಿನದಿಂದ ಬಲ್ಲೆ, ಅವನ ಹೆಂಡತಿಯ ಕಷ್ಟ ಶತ್ರುವಿಗೂ ಬೇಡ ಎಂದೆ. ಆಮೇಲೆ ಸಂಜೆ ಪೆಟ್ಟಿಗೆಗೆ ಮೊಹರು ಹಾಕುವವರೆಗೆ ಇಬ್ಬರೂ ಸೇರಿಕೊಂಡು ಅವನನ್ನು ಮನಸಾರೆ ಬೈದೆವು.